ಸ್ಕಾಟ್ಲೆಂಡಿನ ಹಳೆಯ ಡೀಸೆಲ್ ರೈಲು ಚಿತ್ರಗಳು: ನಾಲ್ಕು ಚಿತ್ರ, ನಾಲ್ಕರ ಅಡಿಬರಹವೂ ಅನುಮಾನ

ಹಳಿಪಕ್ಕ:

ಕೈಯಲ್ಲಿರುವುದು 140 ಬಣ್ಣದ ಸ್ಲೈಡ್, ಎರಡು ಸುರುಳಿ ಕಪ್ಪು-ಬಿಳುಪು ನೆಗೆಟಿವ್. ಎಲ್ಲವೂ ಸ್ಕಾಟ್ಲೆಂಡಿನವು, ಎಲ್ಲವೂ ಡೀಸೆಲ್ ಗಾಡಿಗಳು. ಸ್ಲೈಡ್ ಚೌಕಟ್ಟುಗಳ ಮೇಲೆ ಪೆನ್ನಿನಲ್ಲಿ ಊರು, ಎಂಜಿನ್ ವರ್ಗ, ಇಸವಿ ಬರೆದಿದೆ. ನೆಗೆಟಿವ್ ಲಕೋಟೆಗಳ ಮೇಲೂ ಅಷ್ಟಿಷ್ಟು. ಆದರೆ ಬರೆದದ್ದಕ್ಕೂ ಚಿತ್ರದಲ್ಲಿ ಕಾಣುವುದಕ್ಕೂ ತಾಳೆಯಾಗುತ್ತಿಲ್ಲ. ಈ ವೇದಿಕೆಯಲ್ಲಿ ಹಂಚುವ ಮೊದಲು ಅಡಿಬರಹ ಸರಿಮಾಡಬೇಕು. ಮಾದರಿಗೆ ನಾಲ್ಕು:

ಚಿತ್ರ 1. "ಗ್ಲಾಸ್ಗೊ ಕ್ವೀನ್ ಸ್ಟ್ರೀಟ್, 1969". ನೀಲಿ ಎಂಜಿನ್, ಮುಖ ಪೂರ್ತಿ ಹಳದಿ, ಚಾವಣಿಯ ಅಂಚಿನಲ್ಲಿರುವ ಸಂಕೇತದ ಪೆಟ್ಟಿಗೆಯಲ್ಲಿ 0000. ಸಂಖ್ಯೆ 27 2 ಎಂದು ಶುರುವಾಗುತ್ತದೆ, ಉಳಿದದ್ದು ಕಂಬದ ಹಿಂದೆ. ಆರು ಬೋಗಿಗಳ ಆಚೆ ತುದಿಯಲ್ಲೂ ಇಂಥದೇ ಇನ್ನೊಂದು ಎಂಜಿನ್.

ಚಿತ್ರ 2. "ಕ್ಲಾಸ್ 27, ನೀಲಿ, ಕ್ರಿಯನ್‌ಲಾರಿಖ್, 1973". ಸ್ಲೈಡ್ ಇಡೀ ಕೆಂಪಗಾಗಿದೆ. ಎಂಜಿನ್ನಿನ ಮುಖದಲ್ಲಿ ಚಿಕ್ಕ ಹಳದಿ ಚೌಕ. ನಾಲ್ಕಕ್ಷರದ ಪೆಟ್ಟಿಗೆ ಚಾವಣಿಯಲ್ಲಿಲ್ಲ, ಮುಖದ ನಡುವಿನಲ್ಲಿದೆ. ಪಕ್ಕದ ಮೈಯಲ್ಲಿ ಕೆಳಗೊಂದು ತಿಳಿ ಪಟ್ಟಿ. ಸಂಖ್ಯೆಯಲ್ಲಿ ಓದಲಾಗುವುದು D61 ಮಾತ್ರ.

ಚಿತ್ರ 3. ನೆಗೆಟಿವ್. "ಮಿಲ್ಲರ್‌ಹಿಲ್, ಕಲ್ಲಿದ್ದಲು". ನಡುವೆ ಕ್ಯಾಬ್, ಎರಡೂ ಕಡೆ ತಗ್ಗು ಮೂಗು ಇರುವ ಎಂಜಿನ್ ದೂರದ ತಿರುವಿನಲ್ಲಿದೆ. ಹತ್ತಿರದಲ್ಲಿ ಬ್ರೇಕ್ ವ್ಯಾನ್ (ಗಾಡಿಯ ಕೊನೆಯ ಗಾರ್ಡ್ ಡಬ್ಬಿ), ಅದರ ಹಿಂಬದಿಯ ದೀಪ ಸ್ಪಷ್ಟ. ಜೋಡಿ ಹಳಿ, ಗಾಡಿ ನಮ್ಮ ಬಲಗಡೆಯ ಹಳಿಯಲ್ಲಿ ದೂರ ಹೋಗುತ್ತಿದೆ.

ಚಿತ್ರ 4. "37 + 25 ಜೋಡಿ ಎಂಜಿನ್, ವೆಸ್ಟ್ ಹೈಲ್ಯಾಂಡ್, 1979". ಮುಂದೆ ನೀಲಿ 37, ಹಿಂದೆ ಬೋಗಿಗಳ ಹಾಗೆ ನೀಲಿ-ಬೂದು ಬಣ್ಣದ 25, ಆಮೇಲೆ ಸ್ಲೀಪರ್ ಬೋಗಿಗಳು. ನಿಲ್ದಾಣದ ಅಂಗಳದ ಒಂದು ಕಾರಿನ ನಂಬರ್ Y ಎಂದು ಕೊನೆಯಾಗುತ್ತದೆ.

ಇಸವಿ ಕಟ್ಟುವುದು ಹೇಗೆ? ಸ್ಕ್ಯಾನ್ ಯಾವ ಅಳತೆಯಲ್ಲಿ ಮಾಡಬೇಕು? ತೆಗೆದವರ ಹೆಸರು ಎಲ್ಲೂ ಇಲ್ಲ, ಹಂಚಬಹುದೇ?

ಕೈಮರ:

ಚೌಕಟ್ಟಿನ ಬರಹವನ್ನು ಸದ್ಯಕ್ಕೆ ಬದಿಗಿಡಿ. ಅದನ್ನು ಎಷ್ಟೋ ವರ್ಷ ಕಳೆದ ಮೇಲೆ ನೆನಪಿನಿಂದ ಬರೆದಿರುವುದೇ ಹೆಚ್ಚು. ಚೌಕಟ್ಟಿನಲ್ಲಿ ಅಚ್ಚಾದ ತಿಂಗಳು-ಇಸವಿ ಇದ್ದರೂ ಅದು ಫಿಲ್ಮ್ ತೊಳೆದ ತಿಂಗಳು, ಚಿತ್ರ ತೆಗೆದದ್ದಲ್ಲ. ಬೇಸಿಗೆಯಲ್ಲಿ ತುಂಬಿದ ರೋಲು ಕ್ಯಾಮೆರಾದೊಳಗೇ ಕೂತು ಮುಂದಿನ ವರ್ಷ ಲ್ಯಾಬಿಗೆ ಹೋಗುತ್ತಿದ್ದದ್ದು ಅಪರೂಪವೇನಲ್ಲ.

ಚಿತ್ರ 1 ಸುಲಭ. ಐದಂಕಿಯ 27 ಸಾಲಿನ ಸಂಖ್ಯೆ ಬಂದದ್ದು ಟಾಪ್ಸ್ ಕಂಪ್ಯೂಟರ್ ವ್ಯವಸ್ಥೆಗಾಗಿ. ಎಂಜಿನ್‌ಗಳ ಮೇಲೆ ಅದು ಏರಿದ್ದು 1973-74ರಲ್ಲಿ. 1969ರಲ್ಲಿ ಇದೇ ಎಂಜಿನ್ D53 ಅಥವಾ D54 ಸಾಲಿನಲ್ಲಿ ಇರುತ್ತಿತ್ತು. ಆಮೇಲೆ 0000. ಯಾವ ಗಾಡಿ ಎಂದು ಹೇಳುವ ಮುಖದ ನಾಲ್ಕಕ್ಷರದ ಸಂಕೇತ ತೋರಿಸುವುದನ್ನು ಬ್ರಿಟಿಷ್ ರೈಲ್ (ಆಗಿನ ಸರ್ಕಾರಿ ರೈಲ್ವೆ) ನಿಲ್ಲಿಸಿದ್ದು 1976ರ ಜನವರಿಯಲ್ಲಿ. ಆಗ ಪೆಟ್ಟಿಗೆಯ ಸುರುಳಿಯನ್ನು ಸೊನ್ನೆಗೆ ತಿರುಗಿಸಿ ಬಿಟ್ಟರು, ಕ್ರಮೇಣ ಅದರ ಜಾಗಕ್ಕೆ ಎರಡು ಬಿಳಿ ಚುಕ್ಕೆಯ ಕಪ್ಪು ಹಲಗೆ ಬಂತು. ಅಂದರೆ ಈ ಚಿತ್ರ 1976ಕ್ಕಿಂತ ಹಿಂದಿನದಲ್ಲ.

ಮುಂದಿನ ಗಡಿ ಹೇಳುವುದು ಎರಡು ತುದಿಯ ಎಂಜಿನ್. ಎಡಿನ್‌ಬರ್ಗ್-ಗ್ಲಾಸ್ಗೊ ನಡುವೆ 1957ರಿಂದ ಓಡುತ್ತಿದ್ದ ಸ್ವಿಂಡನ್ ಡೀಸೆಲ್ ಸೆಟ್‌ಗಳನ್ನು ತೆಗೆದು, 1971ರಲ್ಲಿ ಆರು ಮಾರ್ಕ್ 2 ಬೋಗಿಗಳ ಎರಡೂ ತುದಿಗೆ ಒಂದೊಂದು 27 ಕಟ್ಟಿ ಓಡಿಸಿದರು. ಮುಂದಿನ ಕ್ಯಾಬಿನಿಂದಲೇ ಹಿಂದಿನ ಎಂಜಿನ್ನನ್ನೂ ನಡೆಸಲು ರೈಲಿನುದ್ದಕ್ಕೂ ತಂತಿ. 27 2 ಸಾಲಿನವು ಬೋಗಿಗಳಿಗೆ ವಿದ್ಯುತ್ ಕಾವು ಕೊಡಬಲ್ಲವು. ಸುಮಾರು 1250 ಅಶ್ವಶಕ್ತಿಯ ಎಂಜಿನ್‌ಗಳನ್ನು ದಿನವಿಡೀ 90 ಮೈಲಿ ವೇಗದಲ್ಲಿ ದುಡಿಸಿದರೆ ಏನಾಗಬೇಕೋ ಅದೇ ಆಯಿತು, ಸವೆದವು. 1979ರಿಂದ ಕ್ಲಾಸ್ 47ರ ಎಂಜಿನ್‌ಗಳು (47/7) ಬಂದವು: ಒಂದು ತುದಿಗೆ ಒಂದೇ 47, ಇನ್ನೊಂದು ತುದಿಗೆ ಚಾಲಕನ ಕ್ಯಾಬ್ ಇರುವ ಬೋಗಿ. ಹಾಗಾಗಿ ನಿಮ್ಮ ಚಿತ್ರ 1976-80.

ಚಿತ್ರ 2: ಚಿಕ್ಕ ಹಳದಿ ಚೌಕ ಇದೆ, D ಅಕ್ಷರವೂ ಇದೆ. ಮುಖ ಪೂರ್ತಿ ಹಳದಿ ಮಾಡುವುದು ಶುರುವಾದದ್ದು 1967ರ ಸುಮಾರಿಗೆ, D ಕೈಬಿಟ್ಟದ್ದು 1968ರಲ್ಲಿ ಉಗಿ ಎಂಜಿನ್ ಮುಗಿದ ಮೇಲೆ. ಆದ್ದರಿಂದ 1967ಕ್ಕಿಂತ ಹಿಂದಿನದು.

ಟೋಕನ್ ಬಳೆ:

ಕೈಮರ ಅವರೇ, ಚಿತ್ರ 1ಕ್ಕೆ ಹೂಂ ಅನ್ನುತ್ತೇನೆ. ಚಿತ್ರ 2ಕ್ಕೆ ಕೊಟ್ಟ ತರ್ಕ ನಿಲ್ಲುವುದಿಲ್ಲ. ಹೊಸ ಬಣ್ಣದ ನಿಯಮ ಬಂದ ದಿನವೇ ಎಲ್ಲ ಎಂಜಿನ್‌ಗೂ ಬಣ್ಣ ಬಳಿಯುತ್ತಿರಲಿಲ್ಲ. ಎಂಜಿನ್ ಕಾರ್ಖಾನೆಗೆ ಹೋಗುವ ಸರದಿ ಬಂದಾಗ ಮಾತ್ರ. ಇನ್ನೆರಡು ವರ್ಷದಲ್ಲಿ ಗುಜರಿಗೆ ಹೋಗುವ ವರ್ಗಕ್ಕೆ ಯಾರೂ ಬಣ್ಣ ಖರ್ಚು ಮಾಡುವುದಿಲ್ಲ. D ಅಕ್ಷರವನ್ನು ಹೊತ್ತೇ 1970ರ ದಶಕಕ್ಕೆ ಕಾಲಿಟ್ಟ ಎಂಜಿನ್‌ಗಳು ಬೇಕಾದಷ್ಟು.

ಲೆಕ್ಕ ಹೀಗಿಡಿ. ಸೇರಿದ್ದು (ಹೊಸ ಬಣ್ಣ, ಹೊಸ ಸಂಖ್ಯೆ, ಹೊಸ ದೀಪ) "ಇದಕ್ಕಿಂತ ಹಿಂದಿನದಲ್ಲ" ಎಂದು ಹೇಳುತ್ತದೆ. ಹೋದದ್ದು (ಮುಚ್ಚಿದ ನಿಲ್ದಾಣ, ಕಿತ್ತ ಹಳಿ, ಗುಜರಿಯಾದ ವರ್ಗ) "ಇದಕ್ಕಿಂತ ಈಚಿನದಲ್ಲ" ಎಂದು ಹೇಳುತ್ತದೆ. ಹಳೆಯ ಬಣ್ಣ ಇನ್ನೂ ಉಳಿದಿದೆ ಎನ್ನುವುದು ಎರಡನ್ನೂ ಹೇಳುವುದಿಲ್ಲ.

ಚಿತ್ರ 2ರಲ್ಲಿರುವುದು 27 ಅಲ್ಲವೇ ಅಲ್ಲ. D61 ಎಂದರೆ ಗ್ಲಾಸ್ಗೊದ ನಾರ್ತ್ ಬ್ರಿಟಿಷ್ ಕಂಪನಿ ಕಟ್ಟಿದ ಟೈಪ್ 2. D6100ರಿಂದ D6157ರವರೆಗೆ 58. ಒಳಗಿದ್ದದ್ದು ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯ ಮೇಲೆ ತಯಾರಾದ ಡೀಸೆಲ್ ಎಂಜಿನ್. ಕೆಟ್ಟು ನಿಲ್ಲುವುದಕ್ಕೇ ಹೆಸರುವಾಸಿ. ಕಟ್ಟಿದವರ ಹತ್ತಿರವೇ ಇರಲಿ ಎಂದು 1960ರಲ್ಲಿ ಎಲ್ಲವನ್ನೂ ಸ್ಕಾಟ್ಲೆಂಡಿಗೆ ಒಟ್ಟುಮಾಡಿದರು, 1962ರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಅವುಗಳಲ್ಲಿ 20ಕ್ಕೆ 1350 ಅಶ್ವಶಕ್ತಿಯ ಪ್ಯಾಕ್ಸ್‌ಮನ್ ವೆಂಚುರಾ ಡೀಸೆಲ್ ಎಂಜಿನ್ ಕೂರಿಸಿದರು, ಅವೇ ಕ್ಲಾಸ್ 29. ಎಂಜಿನ್ ಬದಲಾಗದ ಮೂಲ ರೂಪದ (ಕ್ಲಾಸ್ 21) ಮುಖದಲ್ಲಿ ಬಿಳಿ ತಟ್ಟೆಗಳ ಸಂಕೇತ ಇತ್ತು. ಮುಖದ ನಡುವೆ ನಾಲ್ಕಕ್ಷರದ ಪೆಟ್ಟಿಗೆ ಬಂದದ್ದು ಎಂಜಿನ್ ಬದಲಾದವುಗಳಿಗೆ. 27ರ ಪೆಟ್ಟಿಗೆ ಚಾವಣಿಯ ಗುಮ್ಮಟದಲ್ಲಿ ಕೂರುತ್ತದೆ. ಚಿತ್ರ 1 ಮತ್ತು 2ನ್ನು ಪಕ್ಕಪಕ್ಕ ಇಟ್ಟರೆ ಮತ್ತೆಂದೂ ಮರೆಯುವುದಿಲ್ಲ.

ಬಣ್ಣದ ವಿಷಯ: ಸ್ಲೈಡ್ ಕೆಂಪಗಾಗಿದ್ದರೆ ನೀಲಿಯೋ ಹಸಿರೋ ಎಂದು ಬಣ್ಣ ನೋಡಿ ತೀರ್ಮಾನಿಸಬೇಡಿ. ಬಣ್ಣ ಸತ್ತರೂ ಬೆಳಕು-ಕಪ್ಪಿನ ವ್ಯತ್ಯಾಸ ಉಳಿಯುತ್ತದೆ. ಮೈಯ ಕೆಳಗಿನ ಆ ತಿಳಿ ಪಟ್ಟಿ ಎರಡು ಛಾಯೆಯ ಹಸಿರಿನದು, 29ಕ್ಕೆ ಬಳಿಯುತ್ತಿದ್ದದ್ದು ಅದೇ. ನೀಲಿಯಲ್ಲಿ ಅಂಥ ಪಟ್ಟಿ ಇಲ್ಲ. ಎಂಜಿನ್ ಬದಲಾವಣೆ ಶುರುವಾದದ್ದು 1963ರಲ್ಲಿ, ಕೊನೆಯ 29 ಸೇವೆಯಿಂದ ಹೋದದ್ದು 1971ರಲ್ಲಿ. "1963-71" ಎಂದು ಬರೆಯಿರಿ. 1973 ಅಸಾಧ್ಯ. ಈ 58ರಲ್ಲಿ ಒಂದನ್ನೂ ಉಳಿಸಲಿಲ್ಲ. ಆದ್ದರಿಂದ ಕೆಂಪಗಾದರೂ ಈ ಸ್ಲೈಡ್ ಬಿಸಾಡಬೇಡಿ, ನಿಮ್ಮ ಸ್ಲೈಡ್ ಪೆಟ್ಟಿಗೆಯಲ್ಲಿ ಬೆಲೆಬಾಳುವುದು ಬಹುಶಃ ಇದೇ.

ಚಿತ್ರ 4 ಇನ್ನೂ ಸ್ವಾರಸ್ಯ. ಅದು ಜೋಡಿ ಎಂಜಿನ್ ಅಲ್ಲ. ಹಿಂದಿನದು ಎಥೆಲ್. ಹಳೆಯ 25ರ ಮೋಟಾರುಗಳನ್ನು ಕಳಚಿ, ಬರೀ ಬೋಗಿಗಳಿಗೆ ಕಾವಿನ ವಿದ್ಯುತ್ ಕೊಡಲು ಮಾಡಿಕೊಂಡ ಗಾಡಿ. ಎಂಜಿನ್ ಗುಡುಗುತ್ತದೆ, ಹೊಗೆಯೂ ಬರುತ್ತದೆ, ಎಳೆಯುವುದು ಮಾತ್ರ ಇಲ್ಲ. ಕಾರಣ ಇಷ್ಟೇ: ಹೊಸ ಮಾರ್ಕ್ 3 ಸ್ಲೀಪರ್ ಬೋಗಿಗಳಿಗೆ ವಿದ್ಯುತ್ ಕಾವು ಬೇಕಿತ್ತು, ಆಗಿನ 37ಗಳಲ್ಲಿ ಅದಿರಲಿಲ್ಲ. 1983ರಲ್ಲಿ ಮೂರನ್ನು ಮಾಡಿದರು, ಸಂಖ್ಯೆ 97250ರಿಂದ 97252. 1985ರಿಂದ ವಿದ್ಯುತ್ ಕಾವಿನ 37/4 ಬರತೊಡಗಿದ ಮೇಲೆ ಈ ಮಾರ್ಗದಲ್ಲಿ ಎಥೆಲ್‌ಗೆ ಕೆಲಸ ಉಳಿಯಲಿಲ್ಲ. ಮುಂದಿರುವ 37ರ ಸಂಖ್ಯೆ 37 4 ಎಂದಿಲ್ಲ ತಾನೇ? ಇಲ್ಲದಿದ್ದರೆ 1983-86.

ಕಾರಿನ ನಂಬರೂ ಇದಕ್ಕೆ ಹೊಂದುತ್ತದೆ. ಬ್ರಿಟನ್ನಿನ ನಂಬರಿನ ಕೊನೆಯ ಅಕ್ಷರ Y ಎಂದರೆ 1982ರ ಆಗಸ್ಟಿನಿಂದ 1983ರ ಜುಲೈವರೆಗೆ ನೋಂದಣಿಯಾದದ್ದು. ಹಿಂದಕ್ಕೆ ಎಣಿಸಿದರೆ X 1981-82, W 1980-81, V 1979-80, T 1978-79, S 1977-78, R 1976-77, P 1975-76. I, O, Q, U, Z ಬಳಸಿಲ್ಲ. 1983ರ ಆಗಸ್ಟಿನಿಂದ ಅಕ್ಷರ ಮುಂದಕ್ಕೆ ಬಂತು, A ಇಂದ ಶುರು. ಅಂಗಳದಲ್ಲಿ ಹತ್ತು ಕಾರಿದ್ದರೆ ಅತಿ ಹೊಸದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅದೂ "ಇದಕ್ಕಿಂತ ಹಿಂದಿನದಲ್ಲ" ಎಂದಷ್ಟೇ ಹೇಳುತ್ತದೆ.

"ಈಚಿನದಲ್ಲ" ಎನ್ನುವ ಗಡಿ ಸಿಗುವುದು ಕಷ್ಟ, ಅದಕ್ಕೆ ಕೆಲವು ಗಟ್ಟಿ ಗೂಟಗಳು. ಎಡಿನ್‌ಬರ್ಗ್ ಪ್ರಿನ್ಸೆಸ್ ಸ್ಟ್ರೀಟ್ ನಿಲ್ದಾಣ ಮುಚ್ಚಿದ್ದು 1965ರ ಸೆಪ್ಟೆಂಬರ್. ಗ್ಲಾಸ್ಗೊ ಸೇಂಟ್ ಈನೋಕ್ 1966ರ ಜೂನ್, ಬ್ಯೂಕ್ಯಾನನ್ ಸ್ಟ್ರೀಟ್ ಅದೇ ವರ್ಷದ ನವೆಂಬರ್. ವೇವರ್ಲಿ ಮಾರ್ಗ 1969ರ ಜನವರಿ. ಲಾಖ್ (ಕಡಲ ಚಾಚು) ದಂಡೆಯ ಹಳೆಯ ಫೋರ್ಟ್ ವಿಲಿಯಂ ನಿಲ್ದಾಣ 1975ರ ಜೂನ್. ಬೀಟಕ್ ಏರಿನಲ್ಲಿ ಜೋಡಿ ಕ್ಲಾಸ್ 50, ಮೇಲೆ ವಿದ್ಯುತ್ ತಂತಿ ಇಲ್ಲ ಎಂದರೆ 1974ರ ಮೇ ತಿಂಗಳಿಗಿಂತ ಹಿಂದಿನದು. ಚಾಲಕ ಟೋಕನ್ ಬಳೆ (ಒಂಟಿ ಹಳಿಗೆ ಹೋಗಲು ಅನುಮತಿಯಾಗಿ ಕೊಡುತ್ತಿದ್ದ ಟೋಕನ್ ಇರುವ ಬಳೆ) ಹಿಡಿದಿದ್ದರೆ ಕೈಲ್ ಮಾರ್ಗದಲ್ಲಿ 1984ಕ್ಕಿಂತ, ಉತ್ತರದ ತುದಿಯ ಥರ್ಸೊ-ವಿಕ್ ಮಾರ್ಗದಲ್ಲಿ 1985ಕ್ಕಿಂತ, ವೆಸ್ಟ್ ಹೈಲ್ಯಾಂಡಿನಲ್ಲಿ 1988ಕ್ಕಿಂತ ಈಚಿನದಲ್ಲ. ಆಮೇಲೆ ರೇಡಿಯೊ ಟೋಕನ್ ಬಂತು. ಇನ್ವರ್ನೆಸ್‌ನ ಕಲ್ಲಿನ ನೆಸ್ ಸೇತುವೆಯ ಮೇಲೆ ಗಾಡಿ ಇದ್ದರೆ 1989ರ ಫೆಬ್ರವರಿ 7ಕ್ಕಿಂತ ಹಿಂದಿನದು, ಆ ದಿನ ಪ್ರವಾಹಕ್ಕೆ ಸೇತುವೆ ಕುಸಿಯಿತು. ನೀಲಿ 27 ಓಡುತ್ತಿದ್ದದ್ದು 1987ರವರೆಗೆ, 26 1993ರವರೆಗೆ, ಡೆಲ್ಟಿಕ್ (ಕ್ಲಾಸ್ 55) 1982ರ ಜನವರಿಯ ಮೊದಲ ದಿನಗಳವರೆಗೆ.

ಕೈಮರ:

ಒಪ್ಪಿದೆ, ಚಿತ್ರ 2ರಲ್ಲಿ ಆತುರಪಟ್ಟೆ. ಚಾಲಕನ ಕ್ಯಾಬ್ ಬೋಗಿ ಇರುವ ಚಿತ್ರಗಳು ಪೆಟ್ಟಿಗೆಯಲ್ಲಿ ಸಿಕ್ಕರೆ ಒಂದು ಸುಳಿವು: 1984ರ ಜುಲೈ 30ರಂದು ಪೊಲ್ಮಂಟ್ ಹತ್ತಿರ ಹೀಗೆ ಬೋಗಿ ಮುಂದಾಗಿ ಹೋಗುತ್ತಿದ್ದ ರೈಲು ಹಸುವಿಗೆ ಬಡಿದು ಹಳಿ ತಪ್ಪಿ 13 ಜನ ಸತ್ತರು. ಆ ಬಳಿಕ ಇಂಥ ಬೋಗಿಗಳ ಮುಂದೆ, ಹಳಿಗೆ ಹತ್ತಿರವಾಗಿ, ನೇಗಿಲಿನಂಥ ಅಡೆತಡೆ ತಳ್ಳುವ ಹಲಗೆ ಹಾಕಿದರು. ಹಲಗೆ ಇದ್ದರೆ 1984ರ ನಂತರದ್ದು.

ಸಂಕೇತ ಓದಲು ಬಂದರೆ ಅದನ್ನೂ ಬಳಸಿ. ಮೊದಲ ಅಂಕಿ ಗಾಡಿಯ ದರ್ಜೆ: 1 ಎಕ್ಸ್‌ಪ್ರೆಸ್, 2 ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್. ಪ್ರಾಂತ ದಾಟುವ ಗಾಡಿಗೆ ನಡುವಿನ ಅಕ್ಷರ ಅದು ತಲುಪುವ ಪ್ರಾಂತ: S ಸ್ಕಾಟ್ಲೆಂಡ್, E ಪೂರ್ವ, M ಲಂಡನ್ ಮಿಡ್‌ಲ್ಯಾಂಡ್, V ಪಶ್ಚಿಮ, O ದಕ್ಷಿಣ. 1S ಎಂದಿದ್ದರೆ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಬರುವ ಎಕ್ಸ್‌ಪ್ರೆಸ್. "ಲಂಡನ್‌ಗೆ ಹೊರಟ ರೈಲು" ಎಂದು ಅಡಿಬರಹ ಹಾಕಿದ ಎಷ್ಟೋ ಚಿತ್ರಗಳಲ್ಲಿ ಎಂಜಿನ್ ಮುಖ 1S ಎಂದು ಕೂಗುತ್ತಿರುತ್ತದೆ. ಆದರೂ ಸಂಕೇತ ಬದಲಿಸಲು ಮರೆತು ಓಡಿಸಿದ್ದೂ ಇದೆ, ಒಂದೇ ಸಾಕ್ಷಿಯ ಮೇಲೆ ಕೂರಬೇಡಿ.

ಡಾರ್ಕ್‌ರೂಮ್:

ಚಿತ್ರ 3ರ ಬಗ್ಗೆ ಯಾರೂ ಮಾತಾಡಿಲ್ಲ. ಅದು ಎಡ-ಬಲ ತಿರುಗಾಮುರುಗಾ ಸ್ಕ್ಯಾನ್ ಆಗಿದೆ. ಬ್ರಿಟನ್ನಿನ ಜೋಡಿ ಹಳಿಯಲ್ಲಿ ಗಾಡಿ ಎಡಕ್ಕೆ ಓಡುತ್ತದೆ. ನಮ್ಮಿಂದ ದೂರ ಹೋಗುವ ಗಾಡಿ ನಮ್ಮ ಎಡಗಡೆಯ ಹಳಿಯಲ್ಲಿರಬೇಕು, ಎದುರಿಗೆ ಬರುವುದು ಬಲಗಡೆ. ನಿಮ್ಮದರಲ್ಲಿ ಹಿಂಬದಿಯ ದೀಪ ಕಾಣುತ್ತಿದೆ, ಗಾಡಿ ಬಲಕ್ಕಿದೆ. ಹಳಿ ರಿಪೇರಿಯಿದ್ದಾಗ ತಪ್ಪು ಹಳಿಯಲ್ಲಿ ಓಡಿಸುವುದುಂಟು, ಅದಕ್ಕೆ ಇನ್ನೊಂದು ಪರೀಕ್ಷೆ: 16 ಟನ್ನಿನ ಕಲ್ಲಿದ್ದಲು ವ್ಯಾಗನ್‌ಗಳ ಸಂಖ್ಯೆ ಬರೆಯುತ್ತಿದ್ದದ್ದು ಮೈಯ ಎಡ ಕೆಳಮೂಲೆಯ ಕಪ್ಪು ಪಟ್ಟಿಯಲ್ಲಿ. ಅದು ನಿಮ್ಮ ಚಿತ್ರದಲ್ಲಿ ಬಲ ಮೂಲೆಯಲ್ಲಿದ್ದರೆ ಅನುಮಾನವೇ ಬೇಡ. ನೀಲಿ ಕಾಲದ ಚಿತ್ರಗಳಿಗೆ ಬ್ರಿಟಿಷ್ ರೈಲಿನ ಜೋಡಿ ಬಾಣದ ಗುರುತು ಸಾಕು, ಮೇಲಿನ ಬಾಣದ ಮೊನೆ ಬಲಕ್ಕಿರಬೇಕು.

ಎಂಜಿನ್ ಕ್ಲೇಟನ್, ಕ್ಲಾಸ್ 17. ಎರಡೂ ಮೂಗು ಒಂದೇ ಥರ, ಹಾಗಾಗಿ ತಿರುಗಿದ್ದು ಕಣ್ಣಿಗೆ ಹೊಡೆಯಲಿಲ್ಲ. 1962ರಿಂದ 1965ರವರೆಗೆ 117 ಕಟ್ಟಿದರು, ಎರಡು 450 ಅಶ್ವಶಕ್ತಿಯ ಪ್ಯಾಕ್ಸ್‌ಮನ್, 1971ರೊಳಗೆ ಬ್ರಿಟಿಷ್ ರೈಲಿನಲ್ಲಿ ಎಲ್ಲವೂ ಮುಗಿದವು. ಇಸವಿ 1962-71, ಅದಕ್ಕಿಂತ ಬಿಗಿಯಾಗಿ ಹೇಳಲು ಈ ಚಿತ್ರದಲ್ಲಿ ಏನೂ ಇಲ್ಲ.

ತಿರುಗುವುದನ್ನು ತಪ್ಪಿಸಲು ಫಿಲ್ಮಿನ ಹೊಳೆಯುವ ಬದಿ ನಿಮ್ಮ ಕಣ್ಣಿನ ಕಡೆ ಬರುವಂತೆ ಹಿಡಿಯಿರಿ, ಚಿತ್ರ ಸರಿಯಾಗಿ ಕಾಣುತ್ತದೆ. ಅಂಚಿನ ಅಕ್ಷರ, ಅಂಕಿಗಳೂ ನೇರ ಓದಲು ಬರಬೇಕು. ಮಂಕಾದ ಬದಿ ಎಮಲ್ಶನ್ (ಚಿತ್ರ ಮೂಡಿದ ಪದರ). ಚೌಕಟ್ಟು ಬಿಚ್ಚಿ ಮತ್ತೆ ಕಟ್ಟಿದ ಸ್ಲೈಡ್‌ಗಳಲ್ಲಿ ಚೌಕಟ್ಟಿನ ಮುಖವನ್ನು ನಂಬಬೇಡಿ.

ಸ್ಕ್ಯಾನ್ ಅಳತೆ: 36 × 24 ಮಿಲಿಮೀಟರ್ ಚೌಕಕ್ಕೆ 4000 ಡಿಪಿಐ ಎಂದರೆ ಸುಮಾರು 5670 × 3780 ಪಿಕ್ಸೆಲ್, 21 ಮೆಗಾಪಿಕ್ಸೆಲ್. 16 ಬಿಟ್ ಟಿಫ್ ಒಂದಕ್ಕೆ 130 ಎಂಬಿ ಹತ್ತಿರ, ನಿಮ್ಮ 140ಕ್ಕೆ 18 ಜಿಬಿ. ಅದಕ್ಕಿಂತ ಮೇಲೆ ಹೋದರೆ ಸಿಗುವುದು ಫಿಲ್ಮಿನ ಕಾಳು ಮಾತ್ರ. ಚಪ್ಪಟೆ ಸ್ಕ್ಯಾನರ್ ಡಬ್ಬದ ಮೇಲಿನ 6400 ನೋಡಿ ಮರುಳಾಗಬೇಡಿ, ನಿಜವಾದ ವಿವರ ಅದರ ಅರ್ಧಕ್ಕೂ ಮುಟ್ಟುವುದಿಲ್ಲ. ಎಂಜಿನ್ ಸಂಖ್ಯೆ ಓದುವುದೇ ಗುರಿಯಾದ್ದರಿಂದ ಸ್ಲೈಡ್‌ಗೇ ಮೀಸಲಾದ ಸ್ಕ್ಯಾನರ್, ಇಲ್ಲವೇ 1:1 ಮ್ಯಾಕ್ರೊ ಲೆನ್ಸಿನ ಕ್ಯಾಮೆರಾ ಬಳಸಿ. ಕ್ಯಾಮೆರಾ ಆದರೆ ಎಫ್/8, ಐಎಸ್‌ಒ 100, ರಾ ಫೈಲ್, ಸಿಆರ್‌ಐ (ಬಣ್ಣವನ್ನು ನಿಜವಾಗಿ ತೋರಿಸುವ ಅಳತೆ) 95ಕ್ಕಿಂತ ಹೆಚ್ಚಿನ ಬೆಳಕಿನ ಹಲಗೆ, ಕೋಣೆಯ ದೀಪ ಆರಿಸಿರಬೇಕು. ಸೆನ್ಸರ್ ಮತ್ತು ಸ್ಲೈಡ್ ಸಮಾನಾಂತರ ಇದೆಯೇ ಎಂದು ನೋಡಲು ಸ್ಲೈಡಿನ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕದ ನಟ್ಟನಡುವೆ ಕೂತರೆ ಸರಿ.

ರಟ್ಟಿನ ಚೌಕಟ್ಟಿನ ಸ್ಲೈಡ್ ಬಿಸಿಗೆ ಉಬ್ಬುತ್ತದೆ. ಅದಕ್ಕೇ ನಡುವೆ ಸ್ಪಷ್ಟ, ಮೂಲೆಯಲ್ಲಿ ಮಸುಕು. ಹಲಗೆಯ ಮೇಲೆ ಒಂದು ನಿಮಿಷ ಬಿಟ್ಟು, ಉಬ್ಬು ನಿಂತ ಮೇಲೆ ಕೇಂದ್ರಕ್ಕೂ ಮೂಲೆಗೂ ನಡುವೆ ಫೋಕಸ್ ಹಿಡಿಯಿರಿ. ಗಾಜಿನ ಚೌಕಟ್ಟಿನಲ್ಲಿ ಎಣ್ಣೆ ತೇಲಿದಂಥ ಬಣ್ಣದ ಉಂಗುರ ಬರುತ್ತದೆ, ಗಾಜು ತೆಗೆಯದೆ ಅದು ಹೋಗದು.

ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವನ್ನು ಕಪ್ಪು-ಬಿಳುಪಿಗೆ ಹಚ್ಚಲೇಬೇಡಿ. ಅದರ ಬೆಳ್ಳಿ ಇನ್‌ಫ್ರಾರೆಡ್ ತಡೆಯುತ್ತದೆ, ಯಂತ್ರ ಚಿತ್ರವನ್ನೇ ಧೂಳೆಂದು ಅಳಿಸುತ್ತದೆ. ಕೋಡಾಕ್ರೋಮ್ ಎಂಬ ಸ್ಲೈಡ್ ಫಿಲ್ಮಿನಲ್ಲೂ ಅದೇ ಗೋಳು, ತೆಳು ಗೆರೆಗಳು ಕರಗುತ್ತವೆ, ಮೊದಲು ಹೋಗುವುದೇ ಸಂಖ್ಯೆಯ ಅಂಚು. ಎಕ್ಟಾಕ್ರೋಮ್, ಅಗ್ಫಾಗೆ ಧಾರಾಳವಾಗಿ ಬಳಸಿ. ಕೋಡಾಕ್ರೋಮನ್ನು ಸಾಮಾನ್ಯ ಪ್ರೊಫೈಲಿನಲ್ಲಿ ಸ್ಕ್ಯಾನ್ ಮಾಡಿದರೆ ನೀಲಿ ಏರುತ್ತದೆ, ಅದಕ್ಕೆ ಬೇರೆ ಪ್ರೊಫೈಲ್ ಇದೆ. ಚಿತ್ರ 2ರ ಕೆಂಪು ಬಂದದ್ದು ಸಯಾನ್ ಬಣ್ಣ ಕಳೆಗುಂದಿದ್ದರಿಂದ. ಮೂರೂ ಚಾನೆಲ್‌ಗಳ ಕಪ್ಪು-ಬಿಳಿ ತುದಿಗಳನ್ನು ಬೇರೆಬೇರೆಯಾಗಿ ಹೊಂದಿಸಿದರೆ ಬಹುಪಾಲು ಮರಳುತ್ತದೆ. ಬಿಳಿ ಸಮತೋಲಕ್ಕೆ ಹಳಿಯ ಜಲ್ಲಿಕಲ್ಲನ್ನಂತೂ ಆರಿಸಬೇಡಿ: ಬ್ರೇಕಿನ ಪುಡಿ ಬಿದ್ದು ಅದು ಕಂದು. ಅದನ್ನು ಬೂದು ಮಾಡಹೊರಟರೆ ಇಡೀ ಗಾಡಿ ನೀಲಿಗೆ ತಿರುಗುತ್ತದೆ, ಆಮೇಲೆ ಹಸಿರು ಎಂಜಿನ್ ನೀಲಿ ಎಂದು ಇನ್ನೊಂದು ಜಗಳ.

ಧೂಳಿಗೆ ಊದುವ ಬಲ್ಬ್ ಸಾಕು. ಬೂಷ್ಟು ಇದ್ದರೆ ನೀರು ಮುಟ್ಟಿಸಬೇಡಿ, ಬೂಷ್ಟು ತಿಂದ ಜಿಲಾಟಿನ್ ನೀರಿಗೆ ಕರಗಿ ಚಿತ್ರವೇ ಎದ್ದು ಬರುತ್ತದೆ. 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲ್, ಮೊದಲು ಕೆಟ್ಟ ಸ್ಲೈಡಿನ ಮೂಲೆಯಲ್ಲಿ ಪರೀಕ್ಷೆ. ಪಿವಿಸಿ ಹಾಳೆಗಳಲ್ಲಿದ್ದರೆ ಇವತ್ತೇ ಪಾಲಿಪ್ರೊಪಿಲೀನ್ ಹಾಳೆಗೆ ಸಾಗಿಸಿ.

ಟೋಕನ್ ಬಳೆ:

ಹಕ್ಕಿನ ಪ್ರಶ್ನೆ ಉಳಿಯಿತು. ಸ್ಲೈಡ್ ನಿಮ್ಮ ಕೈಯಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ನಿಮ್ಮದಲ್ಲ; ವಸ್ತು ಬೇರೆ, ಕೃತಿಸ್ವಾಮ್ಯ ಬೇರೆ. ಬ್ರಿಟನ್ನಿನಲ್ಲಿ 1957ರ ಜೂನ್ 1ರಿಂದ 1989ರ ಜುಲೈ 31ರವರೆಗೆ ತೆಗೆದ ಚಿತ್ರಗಳಿಗೆ, ತೆಗೆದ ಕ್ಷಣದಲ್ಲಿ ಫಿಲ್ಮಿನ ಒಡೆಯ ಯಾರೋ ಅವರೇ ಕರ್ತೃ. ಅವಧಿ ಅವರ ಜೀವಿತಕಾಲ, ಅದರ ಮೇಲೆ 70 ವರ್ಷ. ನಿಮ್ಮ ಪೆಟ್ಟಿಗೆ ಪೂರ್ತಿ ಈ ಅವಧಿಯೊಳಗೇ ಬೀಳುವ ಹಾಗಿದೆ. ಚೌಕಟ್ಟಿನ ಇನಿಷಿಯಲ್, ಪ್ರತಿಗಳ ಹಿಂದಿನ ರಬ್ಬರ್ ಮುದ್ರೆ, ಪೆಟ್ಟಿಗೆಯ ಮುಚ್ಚಳದ ಒಳಬದಿ ಎಲ್ಲ ಹುಡುಕಿ. ಎಷ್ಟು ಹುಡುಕಿದರೂ ಹೆಸರು ಸಿಗದಿದ್ದರೆ, ಆ ದೇಶದ ಬೌದ್ಧಿಕ ಸ್ವತ್ತು ಕಚೇರಿ 2014ರಿಂದ ವಾರಸುದಾರರಿಲ್ಲದ ಕೃತಿಗಳಿಗೆ ಪರವಾನಗಿ ಕೊಡುತ್ತದೆ. ಹೆಚ್ಚೆಂದರೆ 7 ವರ್ಷ, ಬ್ರಿಟನ್ನಿನ ಒಳಗಿನ ಬಳಕೆಗೆ ಮಾತ್ರ, ಎಲ್ಲೆಲ್ಲಿ ಹುಡುಕಿದಿರಿ ಎಂದು ದಾಖಲೆ ಸಮೇತ ತೋರಿಸಬೇಕು. ಇಲ್ಲಿ ಚರ್ಚೆಗೆ ಹಾಕುವುದಾದರೆ ಸಂಖ್ಯೆ ಓದಲು ಬೇಕಾದಷ್ಟು ಭಾಗ ಕತ್ತರಿಸಿ ಹಾಕುವುದೇ ವಾಸಿ.

ಹಳಿಪಕ್ಕ:

ಚಿತ್ರ 4ರ 37ರಲ್ಲಿ 37 0 ಎಂದು ಓದಲು ಬರುತ್ತಿದೆ, 37 4 ಅಲ್ಲ. ಚಿತ್ರ 3ರ ವ್ಯಾಗನ್ ಕಪ್ಪು ಪಟ್ಟಿ ಬಲ ಮೂಲೆಯಲ್ಲೇ ಇದೆ, ತಿರುಗಿಸಿಟ್ಟೆ. ಒಂದು ತೊಡಕು: ಫೈಲಿನ ಎಕ್ಸಿಫ್ (ಚಿತ್ರದ ಫೈಲಿನೊಳಗೇ ಸೇರುವ ಮಾಹಿತಿ) ದಿನಾಂಕದಲ್ಲಿ "1963-71" ಎಂದು ತುಂಬಲು ಬಿಡುತ್ತಿಲ್ಲ.

ಡಾರ್ಕ್‌ರೂಮ್:

ಬಿಡುವುದಿಲ್ಲ, ಅದಕ್ಕೆ ದಿನ-ತಿಂಗಳು-ಇಸವಿ ಪೂರ್ತಿ ಬೇಕು. ಎಷ್ಟೋ ಜನ ಜನವರಿ 1 ಎಂದು ತುಂಬಿ ಬಿಡುತ್ತಾರೆ, ಹತ್ತು ವರ್ಷದ ಮೇಲೆ ಯಾರೋ ಅದನ್ನು ನಿಜವೆಂದು ನಂಬಿ "ಹೊಸ ವರ್ಷದ ದಿನ ಕ್ರಿಯನ್‌ಲಾರಿಖ್‌ನಲ್ಲಿ" ಎಂದು ಅಡಿಬರಹ ಬರೆಯುತ್ತಾರೆ. ಎಕ್ಸಿಫ್ ದಿನಾಂಕ ಸ್ಕ್ಯಾನ್ ಮಾಡಿದ್ದೇ ಇರಲಿ. ಐಪಿಟಿಸಿ ವಿವರಣೆಯಲ್ಲಿ (ಫೈಲಿನೊಳಗೇ ಅಡಿಬರಹ ಬರೆಯುವ ಜಾಗ) ಮೂರು ಸಾಲು: ಚೌಕಟ್ಟಿನ ಮೇಲೆ ಇದ್ದ ಬರಹ ತಪ್ಪಿದ್ದರೂ ಅಕ್ಷರಶಃ, ನೀವು ಕಟ್ಟಿದ ಎರಡು ಗಡಿ, ಪ್ರತಿ ಗಡಿಗೂ ಕಾರಣ. "ಈಚಿನದಲ್ಲ 1971: ಕ್ಲಾಸ್ 29 ಸೇವೆ ಮುಕ್ತಾಯ" ಎನ್ನುವಷ್ಟು ಸಾಕು. ಚೌಕಟ್ಟಿನ ಎರಡೂ ಬದಿಯನ್ನು 300 ಡಿಪಿಐನಲ್ಲಿ ಬೇರೆಯಾಗಿ ಸ್ಕ್ಯಾನ್ ಮಾಡಿ, ಅದೇ ಫೈಲ್ ಹೆಸರಿನ ಕೊನೆಗೆ "ಚೌಕಟ್ಟು" ಸೇರಿಸಿ ಜೊತೆಗಿಡಿ.